ಕ್ರೇಟ್ ಹೊತ್ತು ನಿಂತರೆ ಕೆಲಸ ಸೊನ್ನೆನಾ ಮೇಷ್ಟ್ರೇ?

ಪ್ರಶ್ನೆ: ನಮಸ್ಕಾರ ಮೇಷ್ಟ್ರೇ. ಕೋಲಾರದ ಎಪಿಎಂಸಿಯಲ್ಲಿ ಟೊಮೆಟೊ ಲೋಡಿಂಗ್ ಮಾಡುತ್ತೇನೆ. ಮಗಳು ಒಂಬತ್ತನೇ ಕ್ಲಾಸು. ನಿನ್ನೆ ರಾತ್ರಿ ಪುಸ್ತಕ ತೋರಿಸಿ, "ಅಪ್ಪಾ, ನೀನು ಕ್ರೇಟ್ ಹೊತ್ತು ಸುಮ್ನೆ ನಿಂತರೆ ಮಾಡಿದ ಕೆಲಸ ಸೊನ್ನೆ" ಅಂದಳು. ಲಾರಿ ಮೇಲಿನವನು ಜೋಡಿಸಿ ಮುಗಿಸುವವರೆಗೆ ಹೊತ್ತುಕೊಂಡೇ ನಿಂತಿರುತ್ತೇನೆ. ತೋಳು ನಡುಗುತ್ತದೆ. ಅದು ಹೇಗೆ ಸೊನ್ನೆ?

ಮೇಷ್ಟ್ರು: ಮಗಳು ಹೇಳಿದ್ದು ಸರಿ ಅಣ್ಣಾ. ನಿಮ್ಮ ತೋಳು ಹೇಳುವುದೂ ಸರಿ. ವಿಜ್ಞಾನದಲ್ಲಿ 'ಕೆಲಸ' ಅಂದರೆ ನೀವು ಪಟ್ಟ ಕಷ್ಟದ ಲೆಕ್ಕ ಅಲ್ಲ, ಕ್ರೇಟಿಗೆ ಸಿಕ್ಕಿದ್ದರ ಲೆಕ್ಕ. ಎಷ್ಟು ಬಲ ಹಾಕಿದಿರಿ, ಆ ಬಲದ ದಿಕ್ಕಿನಲ್ಲಿ ಕ್ರೇಟ್ ಎಷ್ಟು ದೂರ ಹೋಯಿತು, ಎರಡನ್ನೂ ಗುಣಿಸಬೇಕು. 15 ಕೆಜಿ ಹಣ್ಣಿದೆ ಅನ್ನಿ, ಅದನ್ನು ಎತ್ತಲು ಸುಮಾರು 150 ನ್ಯೂಟನ್ ಬಲ ಬೇಕು. ಲಾರಿ 1.2 ಮೀಟರ್ ಎತ್ತರ ಇದ್ದರೆ 150 ಇಂಟು 1.2, ಅಂದರೆ 180 ಜೌಲ್ ಕೆಲಸ. ಹೊತ್ತು ನಿಂತಾಗ ಬಲ ಅಷ್ಟೇ ಇದೆ, ಆದರೆ ದೂರ ಸೊನ್ನೆ. ಹಾಗಾಗಿ ಗುಣಿಸಿದರೆ ಸೊನ್ನೆ.

ಹಾಗಾದರೆ ತೋಳು ಯಾಕೆ ಸೋಲುತ್ತದೆ? ಅದೇ ಕ್ರೇಟನ್ನು ಕಲ್ಲುಕಟ್ಟೆ ಮೇಲಿಟ್ಟು ನೋಡಿ. ದಿನವಿಡೀ ಹೊತ್ತಿರುತ್ತದೆ, ಊಟ ಕೇಳುವುದಿಲ್ಲ. ಸ್ನಾಯು ಹಾಗಲ್ಲ. ಅಲ್ಲಾಡದೆ ಹಿಡಿದಿರಲೂ ಅದರೊಳಗಿನ ಸಣ್ಣ ಎಳೆಗಳು ಹಿಡಿದು, ಬಿಟ್ಟು, ಮತ್ತೆ ಹಿಡಿಯುತ್ತಲೇ ಇರಬೇಕು. ಪ್ರತಿ ಹಿಡಿತಕ್ಕೂ ನೀವು ತಿಂದ ಮುದ್ದೆಯ ಶಕ್ತಿ ಖರ್ಚಾಗುತ್ತದೆ. ಆ ಶಕ್ತಿ ಕ್ರೇಟಿಗೆ ಹೋಗುವುದಿಲ್ಲ, ಬಿಸಿಯಾಗಿ ಮೈಯಿಂದ ಹೊರಗೆ ಹೋಗುತ್ತದೆ. ಅದಕ್ಕೇ ನಿಂತಲ್ಲೇ ಬೆವರು. ಮಗಳಿಗೆ ಹೀಗೆ ಹೇಳಿ: ಕ್ರೇಟಿನ ಮೇಲೆ ಆದ ಕೆಲಸ ಸೊನ್ನೆ, ಅಪ್ಪ ಸುರಿಸಿದ ಶಕ್ತಿ ಸೊನ್ನೆ ಅಲ್ಲ. ಪರೀಕ್ಷೆಯಲ್ಲಿ ಇದನ್ನು ಬರೆಯದಿದ್ದರೂ ಅವಳಿಗೆ ಇದು ಗೊತ್ತಿರಬೇಕು.

ಇನ್ನೊಬ್ಬರು: ತಲೆ ಮೇಲೆ ಸಿಂಬೆ ಇಟ್ಟು ಮಂಡಿಯಿಂದ ಗೇಟಿನವರೆಗೆ ನಡೆದರೆ? ದೂರ ಆಯ್ತಲ್ವಾ?

ಮೇಷ್ಟ್ರು: ದೂರ ಆಯ್ತು, ದಿಕ್ಕು ಕೂಡಲಿಲ್ಲ. ತಲೆ ಕೊಡುವ ಬಲ ಮೇಲಕ್ಕೆ, ಕ್ರೇಟ್ ಹೋಗುವುದು ಅಡ್ಡಕ್ಕೆ. ಸಮತಟ್ಟಾದ ನೆಲದಲ್ಲಿ ಒಂದೇ ವೇಗದಲ್ಲಿ ನಡೆದರೆ ಆ ಬಲದಿಂದ ಆದ ಕೆಲಸ ಸೊನ್ನೆಯೇ.

ಮತ್ತೊಬ್ಬರು: ನಾವು ಲಾರಿಗೆ ಹಲಗೆ ಹಾಕಿ ತಳ್ಳುತ್ತೇವೆ. ಹಗುರ ಅನಿಸುತ್ತದೆ. ಕೆಲಸ ಕಡಿಮೆ ಆಯ್ತಾ?

ಮೇಷ್ಟ್ರು: ಬಲ ಕಡಿಮೆ ಆಯ್ತು, ಕೆಲಸ ಕಡಿಮೆ ಆಗಲಿಲ್ಲ. 3 ಮೀಟರ್ ಹಲಗೆ ನುಣುಪಾಗಿದ್ದರೆ 60 ನ್ಯೂಟನ್ ಸಾಕು. 60 ಇಂಟು 3, ಮತ್ತದೇ 180. ನಿಜವಾದ ಹಲಗೆಯಲ್ಲಿ ಘರ್ಷಣೆ ಇರುತ್ತದೆ, ಆದ್ದರಿಂದ ಒಟ್ಟು ಕೆಲಸ ಜಾಸ್ತಿಯೇ ಆಗುತ್ತದೆ. ಆದರೂ ಹಲಗೆ ಬಿಡಬೇಡಿ. ಸೊಂಟ ಉಳಿಯುವುದು ಬಲ ಕಡಿಮೆ ಆದಾಗ.

ಇನ್ನೊಬ್ಬರು: ನಮ್ಮ ತಾತ ಕೆಜಿಎಫ್ ಗಣಿಯಲ್ಲಿದ್ದರು. 3 ಕಿಲೋಮೀಟರ್ ಆಳದಿಂದ ಅದಿರು ಎತ್ತುವುದಕ್ಕೂ ಇದೇ ಲೆಕ್ಕಾನಾ?

ಮೇಷ್ಟ್ರು: ಇದೇ ಲೆಕ್ಕ. ಒಂದು ಟನ್ನಿಗೆ ಹತ್ತು ಸಾವಿರ ನ್ಯೂಟನ್, ದೂರ 3,000 ಮೀಟರ್. ಒಟ್ಟು 3 ಕೋಟಿ ಜೌಲ್. ಒಂದು ಯೂನಿಟ್ ಕರೆಂಟು ಅಂದರೆ 36 ಲಕ್ಷ ಜೌಲ್. ಹಾಗಾಗಿ ಟನ್ನಿಗೆ ಎಂಟು ಯೂನಿಟ್‌ಗಿಂತ ಸ್ವಲ್ಪ ಜಾಸ್ತಿ, ಹಗ್ಗ, ಘರ್ಷಣೆ ಎಲ್ಲ ಬೇರೆ. ಎರಡು ಮೂರು ಹಂತದಲ್ಲಿ ಎತ್ತಿದರೂ ಮೊತ್ತ ಬದಲಾಗುವುದಿಲ್ಲ. 1902ರಲ್ಲಿ ಶಿವನಸಮುದ್ರದಿಂದ ಅಷ್ಟು ದೂರ ತಂತಿ ಎಳೆದು ಕೆಜಿಎಫ್‌ಗೆ ಕರೆಂಟು ತಂದರು. ಅಂಥ ಗಣಿಗೆ ಕರೆಂಟು ಎಷ್ಟು ಬೇಕಿತ್ತು ಅಂತ ಈ ಲೆಕ್ಕ ನೋಡಿದರೆ ಅರ್ಥವಾಗುತ್ತದೆ.

ಮೊದಲು ಕೇಳಿದವರು: ಮಗಳಿಗೆ ಓದಿ ಹೇಳಿದೆ ಮೇಷ್ಟ್ರೇ. ಭಾನುವಾರ ಟೇಪು ತಂದು ಅಳೆಯುತ್ತಾಳಂತೆ. ನಾನು ಮೊದಲು ತಲೆವರೆಗೆ ಎತ್ತಿ, ಆಮೇಲೆ ಲಾರಿಗೆ ಇಳಿಸುತ್ತೇನೆ. ಎಲ್ಲಿಂದ ಎಲ್ಲಿಗೆ ಅಳೆಯಬೇಕು?

ಮೇಷ್ಟ್ರು: ಕ್ರೇಟಿನ ತಳ ನೆಲದಲ್ಲಿದ್ದ ಜಾಗದಿಂದ, ಅದೇ ತಳ ಲಾರಿಯಲ್ಲಿ ಕೂರುವ ಜಾಗಕ್ಕೆ. ತಲೆಯಿಂದ ಇಳಿಸುವಾಗ ನಿಮ್ಮ ಕೈ ಬಲ ಮೇಲಕ್ಕೆ, ಕ್ರೇಟ್ ಕೆಳಕ್ಕೆ. ಆ ಕೆಲಸ ಮೈನಸ್. ಕೂಡಿಸಿ ಕಳೆದರೆ ನೆಲದಿಂದ ಲಾರಿಯ ಎತ್ತರವೇ ಉಳಿಯುತ್ತದೆ. ಎರಡನೇ ಸಾಲಿಗೆ ಇಟ್ಟರೆ ಕೆಳಗಿನ ಕ್ರೇಟಿನ ಎತ್ತರವನ್ನೂ ಸೇರಿಸಲಿ. ಅವಳು ಬರೆದ ಲೆಕ್ಕದ ಫೋಟೊ ಇಲ್ಲಿ ಹಾಕಿ, ನೋಡುತ್ತೇನೆ.