ಒಂದೇ ಜಿಂಕ್ ಆಕ್ಸೈಡ್, ಎರಡು ಎಸ್‌ಡಿಎಸ್: ಒಂದರಲ್ಲಿ "ಅಪಾಯಕಾರಿಯಲ್ಲ", ಇನ್ನೊಂದರಲ್ಲಿ ಸತ್ತ ಮೀನು

ಗೋದಾಮು_ಲೆಕ್ಕ

ರಬ್ಬರ್ ಕಾಂಪೌಂಡಿಗೆ ಬಳಸುವ ಜಿಂಕ್ ಆಕ್ಸೈಡ್, 25 ಕೆಜಿ ಚೀಲ. ಇಬ್ಬರು ಸಪ್ಲೈಯರ್‌ಗಳಿಂದ ಬರುತ್ತದೆ. ಸಿಎಎಸ್ ಸಂಖ್ಯೆ (ರಾಸಾಯನಿಕದ ಗುರುತಿನ ಸಂಖ್ಯೆ) ಎರಡರಲ್ಲೂ 1314-13-2, ಶುದ್ಧತೆ ಎರಡರಲ್ಲೂ 99.5%ಗಿಂತ ಮೇಲೆ. ಆದರೆ ಒಬ್ಬರ ಎಸ್‌ಡಿಎಸ್‌ನ (ಸುರಕ್ಷತಾ ಮಾಹಿತಿ ಪತ್ರದ) 2ನೇ ವಿಭಾಗದಲ್ಲಿ "ಅಪಾಯಕಾರಿ ವಸ್ತುವಲ್ಲ" ಎಂದಿದೆ, 14ರಲ್ಲಿ "ಸಾಗಣೆಗೆ ನಿಯಂತ್ರಣವಿಲ್ಲ". ಇನ್ನೊಬ್ಬರದರಲ್ಲಿ ಒಣಮರ, ಸತ್ತ ಮೀನಿನ ಚಿತ್ರ, ಎಚ್410 (ಜಲಜೀವಿಗಳಿಗೆ ಬಹಳ ವಿಷಕಾರಿ, ಪರಿಣಾಮ ದೀರ್ಘಕಾಲ), ಸಾಗಣೆಗೆ ಯುಎನ್ 3077 (ಪರಿಸರಕ್ಕೆ ಅಪಾಯಕಾರಿ ಘನವಸ್ತುವಿನ ಸಂಖ್ಯೆ), ಕ್ಲಾಸ್ 9 (ಇತರೆ ಅಪಾಯಕಾರಿ ಸರಕು).

ಯಾವುದನ್ನು ನಂಬಬೇಕು? ಜೊತೆಗೆ ಇನ್ನೊಂದು ಗೊಂದಲ. ಮಿಕ್ಸರ್ ಪಕ್ಕದಲ್ಲೇ ಗ್ಯಾಲ್ವನೈಸ್ಡ್ (ಸತು, ಅಂದರೆ ಜಿಂಕ್, ಲೇಪಿಸಿದ) ಡಕ್ಟ್ ವೆಲ್ಡಿಂಗ್ ನಡೆಯುತ್ತಿದೆ. ಸಂಜೆ ಹೊತ್ತಿಗೆ ಕೆಲವರಿಗೆ ಚಳಿಜ್ವರ. ಪುಡಿ ಸುರಿಯುವವರು ವೆಲ್ಡಿಂಗ್ ಹೊಗೆಯಿಂದ ಅನ್ನುತ್ತಾರೆ, ವೆಲ್ಡರ್‌ಗಳು ಬಿಳಿ ಪುಡಿಯಿಂದ ಅನ್ನುತ್ತಾರೆ. ಎರಡೂ ಜಿಂಕ್ ಆಕ್ಸೈಡೇ ತಾನೆ?

ಲೇಬಲ್_ಕಣ್ಣು

ಎಸ್‌ಡಿಎಸ್ ವಿಷಯ ಮೊದಲು. ಎರಡೂ ಸುಳ್ಳಲ್ಲ, ಬೇರೆ ಬೇರೆ ಪ್ರಶ್ನೆಗೆ ಉತ್ತರ ಕೊಟ್ಟಿವೆ ಅಷ್ಟೆ.

ಜಿಎಚ್‌ಎಸ್ ಎಂಬುದು ರಾಸಾಯನಿಕಗಳ ಅಪಾಯ ವರ್ಗೀಕರಿಸಿ ಲೇಬಲ್ ಹಾಕಲು ವಿಶ್ವಸಂಸ್ಥೆ 2003ರಲ್ಲಿ ಹೊರತಂದ ಪದ್ಧತಿ. ದೇಶಗಳು ಅದನ್ನು ಇಡಿಯಾಗಿ ಒಪ್ಪಬೇಕೆಂದಿಲ್ಲ, ಬೇಕಾದ ಭಾಗಗಳನ್ನು ಆರಿಸಿಕೊಳ್ಳಬಹುದು. ಅಮೆರಿಕದ ಓಶಾ ಸಂಸ್ಥೆ ನೋಡುವುದು ಕೆಲಸಗಾರರ ಸುರಕ್ಷತೆಯನ್ನು. ಹೊಳೆ, ಮೀನು ಅದರ ವ್ಯಾಪ್ತಿಗೆ ಬರುವುದಿಲ್ಲ. ಹಾಗಾಗಿ ಪರಿಸರ ಅಪಾಯದ ಭಾಗವನ್ನು ಅದು ಅಳವಡಿಸಿಕೊಂಡಿಲ್ಲ. ಆ ಅಚ್ಚಿನಲ್ಲಿ ಬರೆದ ಎಸ್‌ಡಿಎಸ್‌ನಲ್ಲಿ ಶುದ್ಧ ಜಿಂಕ್ ಆಕ್ಸೈಡಿಗೆ "ಅಪಾಯಕಾರಿಯಲ್ಲ" ಎಂದು ಬರುವುದು ಸಹಜ. ಯುರೋಪಿನ ಸಿಎಲ್‌ಪಿ ನಿಯಮ (1272/2008) ಪರಿಸರವನ್ನೂ ಸೇರಿಸಿಕೊಂಡಿದೆ. ಅದರ ಪಟ್ಟಿಯಲ್ಲಿ ಜಿಂಕ್ ಆಕ್ಸೈಡಿಗೆ ಎಚ್400 (ಜಲಜೀವಿಗಳಿಗೆ ಬಹಳ ವಿಷಕಾರಿ) ಮತ್ತು ಎಚ್410 ಎರಡೂ ಇವೆ, ಸಿಗ್ನಲ್ ಪದ "ಎಚ್ಚರಿಕೆ". ಲೇಬಲ್ ಮೇಲೆ ಎಚ್410 ಮಾತ್ರ ಬರೆದರೆ ಸಾಕು, ಎಚ್400 ಅದರೊಳಗೇ ಬಂತು.

ಸಾಗಣೆಯದೂ ಇದೇ ಕತೆ. ಅಮೆರಿಕದೊಳಗೆ ರಸ್ತೆ, ರೈಲು, ವಿಮಾನದಲ್ಲಿ ಚಿಕ್ಕ ಪ್ಯಾಕಿಂಗ್‌ನ ಸಮುದ್ರಮಾಲಿನ್ಯಕಾರಕಗಳಿಗೆ ವಿನಾಯಿತಿ ಇದೆ. ಅದೇ ಚೀಲ ಹಡಗು ಹತ್ತಿದ ಕೂಡಲೇ ವಿನಾಯಿತಿ ಮುಗಿಯಿತು: ಯುಎನ್ 3077, ಕ್ಲಾಸ್ 9, ಪ್ಯಾಕಿಂಗ್ ಗುಂಪು 3 (ಕಡಿಮೆ ಅಪಾಯದ್ದು), ಹೆಸರಿನ ಮುಂದೆ ಆವರಣದಲ್ಲಿ "ಜಿಂಕ್ ಆಕ್ಸೈಡ್" ಎಂದು ಬರೆಯಲೇಬೇಕು. ಕಾಗದದಲ್ಲಿ ಬರೀ "ಪರಿಸರಕ್ಕೆ ಅಪಾಯಕಾರಿ ಘನವಸ್ತು" ಎಂದು ಬರೆದು ಬಿಟ್ಟ ಕಾರಣಕ್ಕೇ ಸರಕು ಬಂದರಿನಲ್ಲಿ ನಿಂತುಬಿಡುವುದುಂಟು. ಕ್ಲಾಸ್ 9 ಲೇಬಲ್ ಜೊತೆಗೆ ಮೀನು-ಮರದ ಗುರುತು ಬೇರೆ ಬೇಕು, ಮೂಲೆ ಮೇಲೆ ಮಾಡಿ ನಿಲ್ಲಿಸಿದ ಚೌಕ, ಬದಿ 10 ಸೆಂ.ಮೀ. ಯುಎನ್ ಸಂಖ್ಯೆಯ ಅಕ್ಷರ ಸಾಮಾನ್ಯವಾಗಿ 12 ಮಿ.ಮೀ. ಎತ್ತರ ಇರಬೇಕು, 30 ಕೆಜಿವರೆಗಿನ ಪ್ಯಾಕಿಗೆ 6 ಮಿ.ಮೀ. ಸಾಕು. ಒಳಪ್ಯಾಕ್ ಅಥವಾ ಬಿಡಿ ಪ್ಯಾಕ್ 5 ಕೆಜಿ ಅಥವಾ ಅದಕ್ಕಿಂತ ಕಡಿಮೆ ಇದ್ದರೆ ಇದ್ಯಾವುದೂ ಬೇಡ; ಪ್ಯಾಕಿಂಗ್ ಗಟ್ಟಿಯಾಗಿದ್ದರೆ ಸರಿ. ಸ್ಯಾಂಪಲ್ ಕಳಿಸುವವರಿಗೆ ಇದು ಉಪಯೋಗ.

ಗೋದಾಮಿನಲ್ಲಿ ಎರಡು ಸಪ್ಲೈಯರ್‌ಗಳ ಮಾಲಿಗೂ ಕಟ್ಟುನಿಟ್ಟಾದ ಎಸ್‌ಡಿಎಸ್ಸನ್ನೇ ಅನ್ವಯಿಸಿ. ಒಂದೇ ರ್‍ಯಾಕಿನಲ್ಲಿ ಒಂದು ಚೀಲಕ್ಕೆ ಮೀನು, ಪಕ್ಕದ ಚೀಲಕ್ಕೆ ಏನೂ ಇಲ್ಲ ಅಂದರೆ ಚೆಲ್ಲಿದಾಗ ಗುಡಿಸುವವನು ಏನು ಮಾಡಬೇಕು?

ಇನ್ನೊಂದು, ಶುದ್ಧತೆಯ ಸಂಖ್ಯೆ ನೋಡಿ ಸುಮ್ಮನಾಗಬೇಡಿ. ಉಳಿದ 0.5% ಏನು ಎಂದು ವಿಶ್ಲೇಷಣಾ ಪತ್ರ ಕೇಳಿ. ಸತುವಿನ ಲೋಹವನ್ನು ಆವಿ ಮಾಡಿ ಉರಿಸುವ ಫ್ರೆಂಚ್ ವಿಧಾನದ ಮಾಲು ಸಾಮಾನ್ಯವಾಗಿ ಚೊಕ್ಕ. ಅದಿರು ಅಥವಾ ಸತುವಿನ ಕಸದಿಂದ ನೇರವಾಗಿ ಮಾಡಿದ್ದರಲ್ಲಿ ಸೀಸ, ಕ್ಯಾಡ್ಮಿಯಂ ಉಳಿದಿರಬಹುದು. ಸೀಸದ ಸಂಯುಕ್ತ 0.3% ಮುಟ್ಟಿದರೆ ಇಡೀ ಚೀಲ ಸಂತಾನಶಕ್ತಿ, ಭ್ರೂಣಕ್ಕೆ ಹಾನಿ ಮಾಡುವ ವರ್ಗಕ್ಕೆ (1ಎ) ಹೋಗುತ್ತದೆ. ಕ್ಯಾಡ್ಮಿಯಂ ಆಕ್ಸೈಡ್ 0.1% ಮುಟ್ಟಿದರೆ ಕ್ಯಾನ್ಸರ್‌ಕಾರಕ. ಆಗ ಮೀನಿನ ಚಿತ್ರ ಸಣ್ಣ ವಿಷಯ.

ಕಿಡಿ_ಮಾಸ್ಕ್

ಜ್ವರಕ್ಕೆ ಬರೋಣ. ವೆಲ್ಡಿಂಗ್ ಕಡೆಯಿಂದಲೇ ಬಂದಿದೆ ಅನ್ನಲು ಬಲವಾದ ಕಾರಣ ಇದೆ.

ರಾಸಾಯನಿಕವಾಗಿ ಎರಡೂ ಒಂದೇ, ಆದರೆ ಕಣದ ಗಾತ್ರ ಬೇರೆ. ಚೀಲದ ಪುಡಿಯ ಕಣಗಳು ಒಂದಕ್ಕೊಂದು ಅಂಟಿ ಗುಂಪುಗಟ್ಟಿರುತ್ತವೆ, ಹೆಚ್ಚಿನವು ಮೂಗು ಗಂಟಲಲ್ಲೇ ನಿಲ್ಲುತ್ತವೆ. ಸತು 907 ಡಿಗ್ರಿ ಸೆಲ್ಸಿಯಸ್‌ನಲ್ಲಿ ಕುದಿಯುತ್ತದೆ, ಉಕ್ಕು ಕರಗಲು ಸುಮಾರು 1500 ಬೇಕು. ಅಂದರೆ ಉಕ್ಕು ಕರಗುವ ಹೊತ್ತಿಗೆ ಮೇಲಿನ ಸತುವಿನ ಲೇಪ ಆವಿಯಾಗಿ, ಗಾಳಿಯಲ್ಲಿ ಉರಿದು, ಒಂದು ಮೈಕ್ರಾನಿಗಿಂತ ಎಷ್ಟೋ ಚಿಕ್ಕ ಕಣಗಳ ಬಿಳಿ ಹೊಗೆಯಾಗಿರುತ್ತದೆ. ಅದು ನೇರ ಶ್ವಾಸಕೋಶದ ಗಾಳಿಗೂಡುಗಳಿಗೆ ಇಳಿಯುತ್ತದೆ.

ಜ್ವರದ ಲಕ್ಷಣ: ಬಾಯಲ್ಲಿ ಲೋಹದ ರುಚಿ, ಗಂಟಲು ಒಣಗುವುದು, ಬಾಯಾರಿಕೆ. ಉಸಿರಾಡಿ 4ರಿಂದ 10 ಗಂಟೆ ಆದಮೇಲೆ ನಡುಕ, ಜ್ವರ, ಮೈಕೈ ನೋವು. 24ರಿಂದ 48 ಗಂಟೆಯಲ್ಲಿ ತಾನಾಗಿ ಇಳಿಯುತ್ತದೆ. ದಿನವೂ ಹೊಗೆ ಕುಡಿದರೆ ದೇಹ ಒಗ್ಗಿಕೊಂಡಂತೆ ಕಾಣುತ್ತದೆ, ಒಂದೆರಡು ದಿನ ರಜೆ ಸಿಕ್ಕರೆ ಆ ಒಗ್ಗಿಕೆ ಹೋಗುತ್ತದೆ, ಸೋಮವಾರ ಮತ್ತೆ ಜ್ವರ. ನಿಮ್ಮಲ್ಲಿ ಯಾರಿಗೆ, ಯಾವ ವಾರ, ಎಷ್ಟು ಹೊತ್ತಿಗೆ ಎಂದು ಬರೆದಿಡಿ. ರಜೆ ಮುಗಿಸಿ ಬಂದ ದಿನವೇ ಹೆಚ್ಚಿದ್ದರೆ ಜಗಳ ಮುಗಿಯಿತು.

ಎಷ್ಟು ಹೊಗೆ ಅಂತ ಒಂದು ಲೆಕ್ಕ. 6 ಮಿ.ಮೀ.ಗಿಂತ ದಪ್ಪದ ಉಕ್ಕಿಗೆ ಬಿಸಿ ಅದ್ದಿದ ಲೇಪದ ಸರಾಸರಿ ದಪ್ಪ ಐಎಸ್‌ಒ 1461 ಪ್ರಕಾರ 85 ಮೈಕ್ರಾನ್, ಅಂದರೆ ಚದರ ಮೀಟರಿಗೆ ಸುಮಾರು 600 ಗ್ರಾಂ ಸತು. ಒಂದು ಮೀಟರ್ ವೆಲ್ಡ್, 2 ಸೆಂ.ಮೀ. ಅಗಲದ ಪಟ್ಟಿಯ ಲೇಪ ಹಾಳಾಯಿತು ಅನ್ನಿ: 12 ಗ್ರಾಂ ಸತು, ಆಕ್ಸೈಡಾದರೆ 15 ಗ್ರಾಂ. ಅದರ ಹತ್ತನೇ ಒಂದು ಭಾಗ ಮಾತ್ರ ಹೊಗೆಯಾಗಿ ತೇಲಿತು ಅಂದರೂ 1.5 ಗ್ರಾಂ. ಎಸಿಜಿಐಎಚ್ (ಅಮೆರಿಕದ ಕೈಗಾರಿಕಾ ನೈರ್ಮಲ್ಯ ತಜ್ಞರ ಸಂಘ) ಮಿತಿ ಘನ ಮೀಟರಿಗೆ 2 ಮಿ.ಗ್ರಾಂ (ಉಸಿರಲ್ಲಿ ಆಳಕ್ಕಿಳಿಯುವ ಕಣ, 8 ಗಂಟೆಯ ಸರಾಸರಿ), 15 ನಿಮಿಷಕ್ಕೆ 10. ಆ 1.5 ಗ್ರಾಮನ್ನು 2 ಮಿ.ಗ್ರಾಂ ಮಟ್ಟಕ್ಕೆ ಇಳಿಸಲು 750 ಘನ ಮೀಟರ್ ಗಾಳಿ ಬೇಕು. 5 ಮೀ. ಉದ್ದ, 5 ಮೀ. ಅಗಲ, 3 ಮೀ. ಎತ್ತರದ ಹತ್ತು ಕೋಣೆ. ಡಕ್ಟ್ ತಗಡಿನ ಲೇಪ ಇದಕ್ಕಿಂತ ತೆಳು, ಹೊಗೆಯೂ ಅಷ್ಟು ಕಡಿಮೆ. ಆದರೆ ಡಕ್ಟಿನೊಳಗೆ ತಲೆ ಹಾಕಿ ಬೆಸೆಯುವವನಿಗೆ ಗಾಳಿ ಎಲ್ಲಿದೆ?

ಮಾಡಬೇಕಾದ್ದು: ವೆಲ್ಡ್ ಗೆರೆಯ ಎರಡೂ ಬದಿ ಕನಿಷ್ಠ 2.5 ಸೆಂ.ಮೀ., ಸಾಧ್ಯವಾದರೆ 10 ಸೆಂ.ಮೀ.ವರೆಗೆ ಲೇಪ ಗ್ರೈಂಡ್ ಮಾಡಿ ತೆಗೆಯಿರಿ. ತಗಡಿನ ಹಿಂಬದಿಯದನ್ನೂ. ಎಲ್ಲರೂ ಮರೆಯುವುದು ಹಿಂಬದಿಯನ್ನೇ. ಹೊಗೆ ಎಳೆಯುವ ಬಾಯಿ ಕಿಡಿಯ ಹತ್ತಿರ ಇರಬೇಕು, ಆರ್ಕ್ ಇರುವಲ್ಲಿ ಗಾಳಿಯ ವೇಗ ಸೆಕೆಂಡಿಗೆ 0.5ರಿಂದ 1 ಮೀಟರ್. ಅದಕ್ಕಿಂತ ಜೋರಾದರೆ ಶೀಲ್ಡಿಂಗ್ ಗ್ಯಾಸ್ (ವೆಲ್ಡನ್ನು ಗಾಳಿಯಿಂದ ಕಾಯುವ ಅನಿಲ) ಚದುರಿ ವೆಲ್ಡಿನಲ್ಲಿ ತೂತು ಬೀಳುತ್ತದೆ, ವೆಲ್ಡರ್ ಸಿಟ್ಟಾಗಿ ಬಾಯಿಯನ್ನು ದೂರ ತಳ್ಳುತ್ತಾನೆ. ಹೆಲ್ಮೆಟ್ ಒಳಗೆ ಪಿ100 (ಸೂಕ್ಷ್ಮ ಕಣ ತಡೆಯುವ) ಫಿಲ್ಟರಿನ ಅರ್ಧಮುಖದ ಮಾಸ್ಕ್. ಬಟ್ಟೆ ಕಟ್ಟಿಕೊಂಡರೆ ಏನೂ ಆಗದು.

ಹಾಲು ಕುಡಿದರೆ ಜ್ವರ ಬರಲ್ಲ ಅನ್ನೋದು ಬರೀ ನಂಬಿಕೆ. ಶ್ವಾಸಕೋಶಕ್ಕೆ ಹೋದದ್ದನ್ನು ಹೊಟ್ಟೆಯ ಹಾಲು ಹೇಗೆ ತಡೆಯುತ್ತದೆ?

ಒಂದೇ ಒಂದು ಕಡೆ ಮೈಮರೆಯಬಾರದು. ಕ್ಯಾಡ್ಮಿಯಂ ಲೇಪದ ಬೋಲ್ಟ್, ಕ್ಯಾಡ್ಮಿಯಂ ಇರುವ ಬೆಳ್ಳಿ ಬೆಸುಗೆ ಕಾಯಿಸಿದರೂ ಮೊದಲ ಕೆಲವು ಗಂಟೆ ಹೀಗೇ ಚಳಿಜ್ವರದಂತೆ ಇರುತ್ತದೆ, ಆಮೇಲೆ ಶ್ವಾಸಕೋಶದಲ್ಲಿ ನೀರು ತುಂಬಿ ಪ್ರಾಣಕ್ಕೆ ಬರುತ್ತದೆ. ಕ್ಲೋರಿನ್ ಇರುವ ದ್ರಾವಕದಲ್ಲಿ ಒರೆಸಿ ಒಣಗುವ ಮೊದಲೇ ವೆಲ್ಡ್ ಮಾಡಿದರೆ ಫಾಸ್ಜೀನ್ ಎಂಬ ವಿಷಾನಿಲ ಹುಟ್ಟಬಹುದು. ಆದ್ದರಿಂದ ಉಸಿರು ಕಟ್ಟುತ್ತಿದೆ, ಎದೆ ಬಿಗಿಯುತ್ತಿದೆ, ಅಥವಾ ಎರಡನೇ ದಿನ ಇಳಿಯುವ ಬದಲು ಏರುತ್ತಿದೆ ಅಂದರೆ "ಸತು ಜ್ವರ, ಮಲಗಿದರೆ ಹೋಗುತ್ತೆ" ಅನ್ನಬೇಡಿ. ತಕ್ಷಣ ಆಸ್ಪತ್ರೆಗೆ ಕರೆದೊಯ್ಯಿರಿ, ಏನನ್ನು ಕಾಯಿಸಿದ್ದು ಎಂಬುದನ್ನು ಡಾಕ್ಟರಿಗೆ ಹೇಳಿ.

ಸುಮ್ನೆ_ಓದುವವ

ಮಕ್ಕಳ ಕ್ರೀಮಿನಲ್ಲೂ ಇದೇ ಇರೋದು. ಇಷ್ಟೆಲ್ಲ ಗಾಬರಿ ಬೇಕಾ?

ಲೇಬಲ್_ಕಣ್ಣು

ಚರ್ಮಕ್ಕೆ ಏನೂ ಮಾಡಲ್ಲ, ಒಪ್ಪಿದೆ. ಕ್ರೀಮನ್ನು ಯಾರೂ 900 ಡಿಗ್ರಿಗೆ ಕಾಯಿಸಿ ಮೂಸುವುದಿಲ್ಲ, ಟನ್‌ಗಟ್ಟಲೆ ಚರಂಡಿಗೂ ಬಿಡುವುದಿಲ್ಲ.

ಗೋದಾಮು_ಲೆಕ್ಕ

ಇಬ್ಬರಿಗೂ ಧನ್ಯವಾದ. ದಾಖಲೆ ತೆಗೆದು ನೋಡಿದೆ, ಜ್ವರ ಬಂದ ಐವರಲ್ಲಿ ನಾಲ್ವರು ವೆಲ್ಡರ್‌ಗಳೇ. ಐದನೆಯವನು ಪುಡಿ ಸುರಿಯುವವನು, ಡಕ್ಟಿನ ಪಕ್ಕದ ಮಿಕ್ಸರಿನವನು.

ಇನ್ನು ಮೂರು ಪ್ರಶ್ನೆ. ಸಿದ್ಧ ರಬ್ಬರ್ ಹಾಳೆಗೂ ಮೀನಿನ ಲೇಬಲ್ ಬೇಕಾ? ಗೋದಾಮಿನಲ್ಲಿ ಪಕ್ಕ ಏನು ಇಡಬಾರದು? ನೆಲ ತೊಳೆದ ನೀರನ್ನು ಕಾಸ್ಟಿಕ್ (ಗಟ್ಟಿ ಕ್ಷಾರ) ಹಾಕಿ ಪಿಎಚ್ 12ಕ್ಕೆ ಏರಿಸಿ ಬಿಡುತ್ತೇವೆ, ನೀರು ತಿಳಿಯಾಗಿಯೇ ಇರುತ್ತದೆ, ಆದರೂ ಲ್ಯಾಬಿನಲ್ಲಿ ಸತು ಜಾಸ್ತಿ ಬರುತ್ತಿದೆ.

ಲೇಬಲ್_ಕಣ್ಣು

ಹಾಳೆ: ಸಿಎಲ್‌ಪಿಯಲ್ಲಿ ಮಿಶ್ರಣದಲ್ಲಿ ಜಿಂಕ್ ಆಕ್ಸೈಡ್ 25% ಮತ್ತು ಮೇಲೆ ಇದ್ದರೆ ಎಚ್410, 2.5%ರಿಂದ ಎಚ್411, 0.25%ರಿಂದ ಎಚ್412 (ಸಂಖ್ಯೆ ಏರಿದಂತೆ ಅಪಾಯ ಕಡಿಮೆ). ರಬ್ಬರ್ 100 ಭಾಗ, ಕಾರ್ಬನ್ ಬ್ಲ್ಯಾಕ್ 50, ಎಣ್ಣೆ 10, ಇತರೆ 5, ಜಿಂಕ್ ಆಕ್ಸೈಡ್ 5 ಅಂದರೆ ಒಟ್ಟು 170ರಲ್ಲಿ 5, ಸುಮಾರು 2.9%. ಲೆಕ್ಕದ ಪ್ರಕಾರ ಎಚ್411ಕ್ಕೆ ಬೀಳುತ್ತದೆ. ಆದರೆ ಎಲಾಸ್ಟೊಮರ್ (ರಬ್ಬರಿನಂಥ ಹಿಗ್ಗುವ ವಸ್ತು) ಇರುವ ಮಿಶ್ರಣ ಮಾರುವ ರೂಪದಲ್ಲಿ ಮನುಷ್ಯರಿಗೂ ನೀರಿಗೂ ಅಪಾಯ ಒಡ್ಡದಿದ್ದರೆ ಲೇಬಲ್‌ನಿಂದ ವಿನಾಯಿತಿ ಇದೆ. ವರ್ಗೀಕರಣದಿಂದ ಅಲ್ಲ, ಲೇಬಲ್‌ನಿಂದ ಮಾತ್ರ, ಎಸ್‌ಡಿಎಸ್‌ನಲ್ಲಿ ಬರೆಯಬೇಕು. 80% ಜಿಂಕ್ ಆಕ್ಸೈಡನ್ನು ರಬ್ಬರಿನಲ್ಲಿ ಮೊದಲೇ ಬೆರೆಸಿಟ್ಟ ಮಾಸ್ಟರ್‌ಬ್ಯಾಚ್ ಗುಳಿಗೆಗೂ ಇದೇ ದಾರಿ, ಆದರೆ ಗುಳಿಗೆಯಿಂದ ಸತು ನೀರಿಗೆ ಬಿಡುವುದಿಲ್ಲ ಎಂಬುದಕ್ಕೆ ಪರೀಕ್ಷೆಯ ಆಧಾರ ಇಟ್ಟುಕೊಂಡಿರಿ.

ತೊಟ್ಟಿ_ಪಿಎಚ್

ನೀರಿನ ಪ್ರಶ್ನೆಯೇ ದೊಡ್ಡದು. ಹೆಚ್ಚು ಕಾಸ್ಟಿಕ್ ಹಾಕಿದ್ದೇ ತಪ್ಪು.

ಜಿಂಕ್ ಆಕ್ಸೈಡ್ ಆಮ್ಲದಲ್ಲೂ ಕರಗುತ್ತದೆ, ಗಟ್ಟಿ ಕ್ಷಾರದಲ್ಲೂ ಕರಗುತ್ತದೆ. ಪಿಎಚ್ 9ರಿಂದ 10ರ ಮಧ್ಯೆ ಸತು ಹೈಡ್ರಾಕ್ಸೈಡಾಗಿ ಬಿಳಿ ಮೋಡದಂತೆ ಕೂತುಕೊಳ್ಳುತ್ತದೆ. 11 ದಾಟಿದರೆ ಜಿಂಕೇಟ್ ಆಗಿ ಮತ್ತೆ ನೀರಿಗಿಳಿಯುತ್ತದೆ. ನಿಮ್ಮ ತಿಳಿನೀರು ಚೊಕ್ಕವಾಗಿಲ್ಲ, ಸತು ಅದರಲ್ಲಿ ಕರಗಿಕೊಂಡಿದೆ. ಹೀಗೆ ಮಾಡಿ: ಒಂದು ಲೀಟರ್ ನೀರಿನ ನಾಲ್ಕು ಜಾರ್ ತೆಗೆದುಕೊಂಡು ಪಿಎಚ್ 8.5, 9, 9.5, 10ಕ್ಕೆ ನಿಲ್ಲಿಸಿ, ನಿಧಾನ ಕಲಕಿ, ಅರ್ಧ ಗಂಟೆ ಬಿಡಿ. ಮೇಲಿನ ನೀರನ್ನು 0.45 ಮೈಕ್ರಾನ್ ಫಿಲ್ಟರಿನಲ್ಲಿ ಸೋಸಿ ಸತು ಅಳೆಸಿ, ಸೋಸದ ನೀರನ್ನೂ ಅಳೆಸಿ. ಸೋಸಿದ್ದರಲ್ಲಿ ಕಡಿಮೆ, ಸೋಸದ್ದರಲ್ಲಿ ಹೆಚ್ಚು ಅಂದರೆ ಪಿಎಚ್ ಸರಿ ಇದೆ, ಕೂರಲು ಸಮಯ ಸಾಲುತ್ತಿಲ್ಲ. ನಾಲ್ಕರಲ್ಲೂ ಎರಡೂ ಹೆಚ್ಚು ಅಂದರೆ ನೆಲ ತೊಳೆಯುವ ಸೋಪು ನೋಡಿ. ಅಮೋನಿಯಾ ಅಥವಾ ಇಡಿಟಿಎ ಇರುವ ಕ್ಲೀನರ್ ಸತುವನ್ನು ಹಿಡಿದುಕೊಂಡು ಕೂರಲು ಬಿಡುವುದಿಲ್ಲ.

ಅದಕ್ಕಿಂತ ಮೊದಲು, ತೊಳೆಯುವುದೇ ಯಾಕೆ? ಚೆಲ್ಲಿದ ಪುಡಿಯನ್ನು ಎಚ್ ಕ್ಲಾಸ್ (ಅಪಾಯಕಾರಿ ಧೂಳಿಗೆಂದೇ ಇರುವ) ವ್ಯಾಕ್ಯೂಮಿನಲ್ಲಿ ಎಳೆಯಿರಿ. ಒಣ ಪೊರಕೆ, ಕಂಪ್ರೆಸ್ಡ್ ಏರ್ ಎರಡೂ ಬೇಡ. ಚೀಲ ಸುರಿಯುವ ಬಾಯಿಯ ಮೇಲೆ ಹುಡ್, ಖಾಲಿ ಚೀಲ ಮಡಚುವುದೂ ಹುಡ್ಡಿನೊಳಗೇ. ಧೂಳು ಹೆಚ್ಚು ಏಳುವುದು ಸುರಿಯುವಾಗ ಅಲ್ಲ, ಖಾಲಿ ಚೀಲವನ್ನು ಎದೆಗೊತ್ತಿ ಗಾಳಿ ಹೊರಹಾಕುವಾಗ. ಮುಖ ನೇರ ಅದರ ಮೇಲೇ ಇರುತ್ತದೆ.

ಪಕ್ಕದಲ್ಲಿ ಇಡಬಾರದ್ದು: ಆಮ್ಲ, ಮೆಗ್ನೀಸಿಯಂ ಪುಡಿ (ಕಾಯಿಸಿದರೆ ಜೋರಾಗಿ ಸಿಡಿಯುತ್ತದೆ), ಕ್ಲೋರಿನೇಟೆಡ್ ರಬ್ಬರ್ (215 ಡಿಗ್ರಿ ಸೆಲ್ಸಿಯಸ್ ಹತ್ತಿರ ಇದರೊಂದಿಗೆ ರಭಸದಿಂದ ವರ್ತಿಸುತ್ತದೆ, ರಬ್ಬರ್ ಕಾರ್ಖಾನೆಗೆ ಇದು ಪುಸ್ತಕದ ಮಾತಲ್ಲ). ತೇವದಿಂದ ದೂರ ಇಡಿ. ತೇವ ಮತ್ತು ಗಾಳಿಯ ಇಂಗಾಲದ ಡೈಆಕ್ಸೈಡ್ ಸೇರಿ ಕಾರ್ಬೋನೇಟ್ ಆಗಿ ಗಂಟು ಕಟ್ಟುತ್ತದೆ. ಬೆಂಕಿಯ ಬಿಸಿಗೆ ಪುಡಿ ಹಳದಿಯಾದರೆ ಹೆದರಬೇಡಿ, ತಣಿದಾಗ ಮತ್ತೆ ಬಿಳಿಯಾಗುತ್ತದೆ. ಅದು ಉರಿಯುವುದಿಲ್ಲ, ಅದರ ಧೂಳು ಸ್ಫೋಟಿಸುವುದೂ ಇಲ್ಲ.

ಆದರೆ ರ್‍ಯಾಕಿನಲ್ಲಿ ಬೂದು ಬಣ್ಣದ "ಸತು ಪುಡಿ" ಅಥವಾ "ಸತು ಬೂದಿ" ಎಂಬ ಚೀಲ ಇದ್ದರೆ ಇವತ್ತೇ ಬೇರೆ ಮಾಡಿ. ಪುಡಿ ಅಂದರೆ ಲೋಹ, ಯುಎನ್ 1436. ಗ್ಯಾಲ್ವನೈಸಿಂಗ್ ತೊಟ್ಟಿಯ ಮೇಲಿಂದ ತೆಗೆದ ಬೂದಿ ಯುಎನ್ 1435, ಅದರಲ್ಲಿ ಆಕ್ಸೈಡಿನ ಜೊತೆ ಲೋಹದ ಸತುವೂ ಇರುತ್ತದೆ. ಎರಡೂ ಕ್ಲಾಸ್ 4.3: ನೀರು ತಾಗಿದರೆ ಹೈಡ್ರೋಜನ್ ಬಿಡುತ್ತವೆ. ಹೆಸರು ಹತ್ತಿರ ಇದೆ ಎಂದು ಇವನ್ನು ಜಿಂಕ್ ಆಕ್ಸೈಡಿನ ಸಾಲಿಗೆ ಸೇರಿಸಿದರೆ, ಬೆಂಕಿ ಬಿದ್ದಾಗ ನೀರು ಹಾಯಿಸಬಹುದು ಎಂದುಕೊಂಡವರು ಹಾಯಿಸಿಯೇಬಿಡುತ್ತಾರೆ.

ಗೋದಾಮು_ಲೆಕ್ಕ

ಬೂದು ಚೀಲ ಎರಡು ಸಿಕ್ಕವು, ಸ್ಪ್ರಿಂಕ್ಲರ್ ಕೆಳಗೇ ಇದ್ದವು. ಈಗ ಒಣಕೋಣೆಗೆ ಸಾಗಿಸಿದ್ದೇವೆ. ಜಾರ್ ಪರೀಕ್ಷೆ ನಾಳೆ.

ತೊಟ್ಟಿ_ಪಿಎಚ್

ಪರೀಕ್ಷೆಗೆ ಮೊದಲು ಪಿಎಚ್ ಮೀಟರನ್ನು 7 ಮತ್ತು 10ರ ಬಫರಿನಲ್ಲಿ (ಪಿಎಚ್ ಗೊತ್ತಿರುವ ದ್ರಾವಣದಲ್ಲಿ) ಸರಿ ಮಾಡಿಕೊಳ್ಳಿ. 4 ಮತ್ತು 7ರಲ್ಲಿ ಸರಿ ಮಾಡಿದ ಮೀಟರಿನಲ್ಲಿ 9.5ನ್ನು ನಂಬುವ ಹಾಗಿಲ್ಲ.