‘ಸಿಂಕ್ ಹೋಯ್ತು’ ಅನ್ನೋದಕ್ಕೆ ಯಾವ ಪದ?

ಗೆಳೆಯರೇ, ನಮಸ್ಕಾರ.

ಟೆಲಿಫೋನ್ ಎಕ್ಸ್‌ಚೇಂಜ್‌ಗಳ ನಡುವೆ ಹಲವು ಕರೆಗಳನ್ನು ಒಟ್ಟಿಗೆ ಒಯ್ಯುವ ಇ1 ಅನ್ನುವ ಡಿಜಿಟಲ್ ಲೈನ್ ಬಗ್ಗೆ ಕನ್ನಡದಲ್ಲಿ ಪುಟ್ಟ ಕೈಪಿಡಿ ಬರೆಯುತ್ತಿದ್ದೇನೆ. ಒಂದು ಪದದ ಹತ್ತಿರ ಸಿಕ್ಕಿಕೊಂಡಿದ್ದೇನೆ. ಲೈನಿನ ಎರಡು ಕಡೆಯ ಯಂತ್ರಗಳ ಹೊಂದಾಣಿಕೆ ತಪ್ಪಿದರೆ ಲೈನ್ ನೋಡಿಕೊಳ್ಳುವವರು ‘ಸಿಂಕ್ ಹೋಯ್ತು’ ಅನ್ನುತ್ತಾರೆ. ಮೊದಲು ‘ಸಮಕಾಲೀಕರಣ ನಷ್ಟ’ ಅಂತ ಬರೆದೆ. ಓದಿ ನೋಡಿದರೆ ನನಗೇ ಒಪ್ಪಿಗೆಯಾಗಲಿಲ್ಲ. ನಷ್ಟ ಅಂದ ತಕ್ಷಣ ವ್ಯಾಪಾರ ನೆನಪಾಗುತ್ತದೆ, ಅಲ್ವಾ?

ಆಮೇಲೆ ‘ತಾಳತಪ್ಪು’ ಹೊಳೆಯಿತು. ಕಣ್ತಪ್ಪು, ಬಾಯ್ತಪ್ಪು ಇದ್ದ ಹಾಗೆ ಇದೂ ಇರಬಹುದು. ತುಂಬಾ ಇಷ್ಟವಾಯಿತು. ಆದರೆ ಸಿಂಕ್ ಹೋಗುವುದರಲ್ಲಿ ಎರಡು ಬಗೆ ಇದೆ.

ಒಂದು, ಎರಡು ಕಡೆಯ ಕ್ಲಾಕ್, ಅಂದರೆ ಬಿಟ್‌ಗಳ ವೇಗ ಕಾಯುವ ಗಡಿಯಾರ, ಒಂದೇ ವೇಗದಲ್ಲಿ ಓಡದಿರುವುದು. ಇ1ರಲ್ಲಿ ಸೆಕೆಂಡಿಗೆ 20,48,000 ಬಿಟ್ (0 ಅಥವಾ 1) ಹರಿಯುತ್ತವೆ. ಕಳಿಸುವ ಕಡೆ ಕೊಂಚ ಜಾಸ್ತಿ ಓಡಿದರೆ ಈ ಕಡೆಯ ಬಫರ್ (ಬಂದ ಬಿಟ್‌ಗಳನ್ನು ಕೊಂಚ ಹೊತ್ತು ಇಟ್ಟುಕೊಳ್ಳುವ ಜಾಗ) ತುಂಬಿ ಒಂದು ಫ್ರೇಮ್, ಅಂದರೆ ಬಿಟ್‌ಗಳ ಒಂದು ಕಂತು, ಬಿದ್ದುಹೋಗುತ್ತದೆ. ನಿಧಾನವಾದರೆ ಬಂದ ಫ್ರೇಮೇ ಇನ್ನೊಮ್ಮೆ ಬರುತ್ತದೆ. ಇದೇ ಸ್ಲಿಪ್. ಮಾತಿನ ನಡುವೆ ‘ಟಕ್’ ಅಂದರೆ ಹೇಗೋ ನಡೆಯುತ್ತದೆ, ಫ್ಯಾಕ್ಸ್‌ನಲ್ಲಾದರೆ ಸಾಲುಗಳೇ ಕೆಡುತ್ತವೆ. ಇದಕ್ಕೆ ತಾಳತಪ್ಪು ಸರಿಯಾಗಿ ಕೂರುತ್ತದೆ.

ಇನ್ನೊಂದರಲ್ಲಿ ವೇಗವೆಲ್ಲ ಸರಿ ಇರುತ್ತದೆ, ಫ್ರೇಮ್ ಎಲ್ಲಿ ಶುರುವಾಗುತ್ತದೆ ಅನ್ನೋದು ಮಾತ್ರ ಗೊತ್ತಾಗುವುದಿಲ್ಲ. ‘ಮಳೆ ಬಂತು ಮನೆ ಸೇರು’ ಅನ್ನುವುದನ್ನು ಎರಡೆರಡು ಅಕ್ಷರವಾಗಿ ಓದಿಕೊಳ್ಳುತ್ತಿದ್ದೀರಿ ಅಂದುಕೊಳ್ಳಿ. ಮೊದಲ ‘ಮ’ ಕೈತಪ್ಪಿದರೆ ‘ಳೆಬಂ ತುಮ ನೆಸೇ ರು’ ಆಗುತ್ತದೆ. ಉಳಿದ ಒಂದು ಅಕ್ಷರವೂ ತಪ್ಪಿಲ್ಲ, ಆದರೂ ಮಾತೇ ಉಳಿದಿಲ್ಲ! ಇ1ರಲ್ಲಿ 256 ಬಿಟ್‌ಗೆ ಒಂದು ಫ್ರೇಮ್. ಪ್ರತಿ ಎರಡನೇ ಫ್ರೇಮ್‌ನ ಶುರುವಿನಲ್ಲಿ 0011011 ಅನ್ನುವ ಗುರುತು ಬರುತ್ತದೆ. ಅದು ಸತತ 3 ಸಲ ತಪ್ಪಾಗಿ ಬಂದರೆ ಸಿಂಕ್ ಹೋಯಿತು ಅಂತ ಲೆಕ್ಕ. ಆಮೇಲೆ ಯಂತ್ರ ಆ ಗುರುತನ್ನು ಬಿಟ್ ಬಿಟ್ ಆಗಿ ಹುಡುಕುತ್ತಾ ಹೋಗುತ್ತದೆ.

ಇದನ್ನೂ ತಾಳತಪ್ಪು ಅಂದರೆ ಓದುವವರು ಸುಮ್ನೆ ಕ್ಲಾಕ್ ಹುಡುಕಿಕೊಂಡು ಹೋಗುತ್ತಾರೆ. ಹಾಡುವವರಲ್ಲಿ ತಾಳ ಬೇರೆ, ಎಡುಪು ಬೇರೆ. ತಾಳ ನಡೆಯುತ್ತಲೇ ಇರುತ್ತದೆ, ಅದರ ಯಾವ ಜಾಗದಲ್ಲಿ ಹಾಡು ಎತ್ತಬೇಕು ಅನ್ನೋದು ಎಡುಪು. ಹಾಗಾಗಿ ಎರಡನೆಯದಕ್ಕೆ ‘ಎಡುಪು ತಪ್ಪುವುದು’, ಮತ್ತೆ ಸರಿಹೋದರೆ ‘ಎಡುಪು ಹಿಡಿಯುವುದು’ ಅಂತ ಬರೆದಿದ್ದೇನೆ. ಎರಡನ್ನೂ ಬೇರೆ ಬೇರೆಯಾಗಿ ಹೇಳಲೇಬೇಕು, ಅದರಲ್ಲಿ ನನಗೆ ಅನುಮಾನವಿಲ್ಲ.

ಆದರೆ ಎಡುಪು ಕಛೇರಿ ಸಂಗೀತದವರ ಮಾತು. ಲೈನ್ ಕೆಲಸದವರಿಗೆ ಅದು ಹತ್ತಿರವಾಗುತ್ತಾ? ನಿಮ್ಮ ಕಡೆ ಭಜನೆಯಲ್ಲಿ, ಕೋಲಾಟದಲ್ಲಿ ಹಾಡು ಎತ್ತುವ ಆ ಜಾಗಕ್ಕೆ ಏನಂತಾರೆ? ಎತ್ತುಗಡೆ ಅನ್ನೋದನ್ನು ಕೇಳಿದ್ದೇನೆ. ಬೇರೆ ಪದ ಇದ್ದರೆ ದಯವಿಟ್ಟು ಬರೆಯಿರಿ, ಯಾವ ಊರಿನ ಕಡೆಯದು ಅಂತಲೂ ತಿಳಿಸಿ.