ಜಾರ್ಜ್ ಟರ್ನರ್: 60 ದಾಟಿದ ಮೇಲೆ ವೈಜ್ಞಾನಿಕ ಕಾದಂಬರಿ ಬರೆದದ್ದು ಹೇಗೆ?

ಕಡಲತಡಿ ಕೇಳಿದ್ದು:

ಆಸ್ಟ್ರೇಲಿಯಾದ ಲೇಖಕ ಜಾರ್ಜ್ ಟರ್ನರ್ ಅವರ ಕಾದಂಬರಿ 'ದಿ ಸೀ ಅಂಡ್ ಸಮ್ಮರ್' ಈಗಷ್ಟೇ ಓದಿ ಮುಗಿಸಿದೆ. ತಲೆಯಿಂದ ಹೋಗುತ್ತಲೇ ಇಲ್ಲ. 1987ರ ಪುಸ್ತಕ ಅಂದರೆ ನಂಬೋದು ಕಷ್ಟ. ಮೆಲ್ಬರ್ನ್ ಒಳಕ್ಕೆ ಸಮುದ್ರ ನುಗ್ಗುತ್ತಿದೆ, ಹತ್ತರಲ್ಲಿ ಒಂಬತ್ತು ಜನಕ್ಕೆ ಕೆಲಸ ಇಲ್ಲ, ಅವರನ್ನೆಲ್ಲ ಸರ್ಕಾರ ಎತ್ತರದ ಗೋಪುರಗಳಲ್ಲಿ ತುಂಬಿಟ್ಟಿದೆ, ಕೆಳಗಿನ ಮಹಡಿಗಳಿಗೆ ನೀರು ಬರುತ್ತದೆ. ಹವಾಮಾನದ ಬಗ್ಗೆ ಈಗ ಎಲ್ಲರೂ ಕಾದಂಬರಿ ಬರೆಯುತ್ತಾರೆ, ಆಗ ಯಾರು ಬರೆಯುತ್ತಿದ್ದರು?

ಲೇಖಕರ ಬಗ್ಗೆ ಹುಡುಕಿದರೆ ಒಂದಕ್ಕೊಂದು ಹೊಂದದ ಮಾತುಗಳು ಸಿಗುತ್ತಿವೆ. ಒಂದು ಕಡೆ ಪತ್ರಿಕೆಯ ವಿಮರ್ಶಕ ಅಂತಾರೆ, ಇನ್ನೊಂದು ಕಡೆ ಸಾಮಾಜಿಕ ಕಾದಂಬರಿಗೆ ದೊಡ್ಡ ಪ್ರಶಸ್ತಿ ಪಡೆದವರು ಅಂತಾರೆ. ಅವರು ಹುಟ್ಟಿದ್ದು 1916ರಲ್ಲಿ, ಅಂದರೆ ಈ ಪುಸ್ತಕ ಬಂದಾಗ ವಯಸ್ಸು 70ರ ಆಸುಪಾಸು. ಅಷ್ಟು ವರ್ಷ ಏನು ಮಾಡುತ್ತಿದ್ದರು? ವಿಮರ್ಶೆ ಮೊದಲೋ ಕಾದಂಬರಿ ಮೊದಲೋ? ಗೊತ್ತಿರುವವರು ಸ್ವಲ್ಪ ಬಿಡಿಸಿ ಹೇಳಿ.

ಹಳೆಪೆಟ್ಟಿಗೆ ಬರೆದದ್ದು:

ಎರಡೂ ನಿಜ. ಅವರದ್ದು ಎರಡು ಬದುಕು ಇದ್ದ ಹಾಗೆ.

ಮೊದಲನೆಯದು ಸಾಮಾಜಿಕ ಕಾದಂಬರಿಕಾರನ ಬದುಕು. ಎರಡನೇ ಮಹಾಯುದ್ಧದಲ್ಲಿ ಆಸ್ಟ್ರೇಲಿಯಾದ ಸೈನ್ಯದಲ್ಲಿದ್ದರು. ಆಮೇಲೆ ಸರ್ಕಾರಿ ಉದ್ಯೋಗ ಕಚೇರಿಯಲ್ಲಿ ಕೆಲಸ, ಜವಳಿ ಉದ್ಯಮದಲ್ಲಿ ಕೆಲಸ, ಹೀಗೆ ಹೊಟ್ಟೆಪಾಡು ಬೇರೆ, ಬರವಣಿಗೆ ಬೇರೆ. ಮೊದಲ ಕಾದಂಬರಿ 'ಯಂಗ್ ಮ್ಯಾನ್ ಆಫ್ ಟ್ಯಾಲೆಂಟ್' ಬಂದಿದ್ದು 1959ರಲ್ಲಿ, ಅದು ನ್ಯೂಗಿನಿಯ ಯುದ್ಧದ ಕಥೆ. ಆಮೇಲೆ ಟ್ರೀಲೇಕ್ ಅನ್ನೋ ಕಲ್ಪಿತ ಊರನ್ನು ಇಟ್ಟುಕೊಂಡು ಸಾಲಾಗಿ ಕಾದಂಬರಿ ಬರೆದರು. ಅವುಗಳಲ್ಲಿ 'ದಿ ಕಬರ್ಡ್ ಅಂಡರ್ ದಿ ಸ್ಟೇರ್ಸ್' ಮಾನಸಿಕ ಆಸ್ಪತ್ರೆಯಿಂದ ಹೊರಬಂದ ಮನುಷ್ಯನೊಬ್ಬ ಮತ್ತೆ ಊರಿನ ಬದುಕಿಗೆ ಸೇರೋಕೆ ಒದ್ದಾಡುವ ಕಥೆ. 1962ರ ಮೈಲ್ಸ್ ಫ್ರಾಂಕ್ಲಿನ್ ಪ್ರಶಸ್ತಿ ಅದಕ್ಕೇ ಬಂತು. ಇನ್ನೊಬ್ಬ ಕಾದಂಬರಿಕಾರ್ತಿ ಥಿಯಾ ಆಸ್ಟ್ಲಿ ಅವರ ಜೊತೆ ಹಂಚಿಕೊಂಡರು. ಆಸ್ಟ್ರೇಲಿಯಾದಲ್ಲಿ ಕಾದಂಬರಿಗೆ ಇದಕ್ಕಿಂತ ದೊಡ್ಡ ಮನ್ನಣೆ ಇಲ್ಲ ಅಂತಲೇ ಹೇಳಬಹುದು.

ಹಾಗಾಗಿ ವೈಜ್ಞಾನಿಕ ಕಥೆಗಳ ಲೋಕಕ್ಕೆ ಅವರು ಬಂದಾಗ ಹೊಸಬರಾಗಿರಲಿಲ್ಲ. ಪ್ರಶಸ್ತಿ ಕೈಯಲ್ಲಿತ್ತು, ಕಾದಂಬರಿ ಕಟ್ಟೋದು ಗೊತ್ತಿತ್ತು. ಎರಡನೇ ಬದುಕು ಶುರುವಾಗಿದ್ದು ವಿಮರ್ಶೆಯಿಂದ. ಅದನ್ನು ನನಗಿಂತ ಚೆನ್ನಾಗಿ ಬಲ್ಲವರು ಇಲ್ಲಿದ್ದಾರೆ.

ಮಸಿಬೆರಳು ಬರೆದದ್ದು:

ಆ ಭಾಗ ನಾನು ಹೇಳುತ್ತೇನೆ, ಯಾಕಂದರೆ ಟರ್ನರ್ ಅವರ ವಿಮರ್ಶೆ ನನಗೆ ಅವರ ಕಾದಂಬರಿಗಳಷ್ಟೇ ಇಷ್ಟ.

1966ರಲ್ಲಿ ಮೆಲ್ಬರ್ನ್‌ನಲ್ಲಿ ಜಾನ್ ಬ್ಯಾಂಗ್ಸಂಡ್ ಎಂಬುವರು 'ಆಸ್ಟ್ರೇಲಿಯನ್ ಸೈನ್ಸ್ ಫಿಕ್ಷನ್ ರಿವ್ಯೂ' ಅಂತ ಒಂದು ಪತ್ರಿಕೆ ಶುರು ಮಾಡಿದರು. ಅದು ಫ್ಯಾನ್‌ಜೀನ್, ಅಂದರೆ ಅಭಿಮಾನಿಗಳೇ ತಮ್ಮ ಖರ್ಚಿನಲ್ಲಿ ಅಚ್ಚು ಹಾಕಿ ಅಂಚೆಯಲ್ಲಿ ಕಳಿಸುವ ಪತ್ರಿಕೆ. ಸಂಬಳ ಇಲ್ಲ, ಸಂಭಾವನೆ ಇಲ್ಲ. ಆದರೆ ಬರೆಯುತ್ತಿದ್ದವರು ಸಾಮಾನ್ಯರಲ್ಲ. ಲೀ ಹಾರ್ಡಿಂಗ್, ಜಾನ್ ಫಾಯ್ಸ್ಟರ್ ಎಲ್ಲ ಅಲ್ಲಿದ್ದರು. ಪ್ರಶಸ್ತಿ ಪಡೆದ ಕಾದಂಬರಿಕಾರರೊಬ್ಬರು ಇಂಥ ಪತ್ರಿಕೆಗೆ ಬರೆಯೋಕೆ ಒಪ್ಪಿದ್ದೇ ನನಗೆ ದೊಡ್ಡ ವಿಷಯ ಅನಿಸುತ್ತದೆ.

1967ರಲ್ಲಿ ಅಲ್ಲಿ ಅವರ 'ದಿ ಡಬಲ್ ಸ್ಟ್ಯಾಂಡರ್ಡ್' ಅನ್ನೋ ಲೇಖನ ಬಂತು. ಆರಿಸಿಕೊಂಡಿದ್ದು ಯಾವ ಪುಸ್ತಕ ಗೊತ್ತಾ? ಆಲ್ಫ್ರೆಡ್ ಬೆಸ್ಟರ್ ಅವರ 'ದಿ ಡೆಮಾಲಿಷ್ಡ್ ಮ್ಯಾನ್'. 1953ರಲ್ಲಿ ಮೊಟ್ಟಮೊದಲ ಹ್ಯೂಗೋ ಪ್ರಶಸ್ತಿ, ಅಂದರೆ ವೈಜ್ಞಾನಿಕ ಕಥೆಗಳಿಗೆ ಅಭಿಮಾನಿಗಳು ಮತ ಹಾಕಿ ಕೊಡುವ ಪ್ರಶಸ್ತಿ, ಪಡೆದ ಕಾದಂಬರಿ. ಅಭಿಮಾನಿಗಳು ಎದೆಗೊತ್ತಿಕೊಂಡಿದ್ದ ಪುಸ್ತಕ. ಮೊದಲ ಸಲ ಓಡಿಸಿಕೊಂಡು ಓದಿದಾಗ ಆಗುವ ಬೆರಗು ಬೇರೆ, ನಿಂತು ದಿಟ್ಟಿಸಿ ನೋಡಿದಾಗ ಕಾಣೋದು ಬೇರೆ ಅನ್ನೋದು ಟರ್ನರ್ ವಾದ. ವೈಜ್ಞಾನಿಕ ಕಥೆ ಅನ್ನೋ ಒಂದೇ ಕಾರಣಕ್ಕೆ ರಿಯಾಯಿತಿ ಕೊಡೋದನ್ನು ಅವರು ಒಪ್ಪಲಿಲ್ಲ. ಬೇರೆ ಕಾದಂಬರಿಗೆ ಯಾವ ಅಳತೆಗೋಲೋ ಇದಕ್ಕೂ ಅದೇ. ಪಾತ್ರಗಳು ಮನುಷ್ಯರ ಹಾಗೆ ಇವೆಯಾ, ಕಲ್ಪಿಸಿದ ಸಮಾಜ ನಿಜವಾಗಿ ನಡೆಯುವಂಥದ್ದಾ, ವಾಕ್ಯ ಗಟ್ಟಿ ಇದೆಯಾ. ಇಷ್ಟನ್ನೇ ಕೇಳಿದರು, ಮುಲಾಜಿಲ್ಲದೆ ಕೇಳಿದರು. ಓದುಗರಿಗೆ ಸಿಟ್ಟು ಬಂತು, ವಾದ ಎದ್ದಿತು.

ಆಮೇಲೆ ಬ್ರೂಸ್ ಗಿಲ್ಲೆಸ್ಪಿ 1969ರಲ್ಲಿ ಶುರು ಮಾಡಿದ ಇನ್ನೊಂದು ಫ್ಯಾನ್‌ಜೀನ್ 'ಎಸ್‌ಎಫ್ ಕಾಮೆಂಟರಿ'ಗೆ ವರ್ಷಾನುಗಟ್ಟಲೆ ಬರೆದರು. 1970ರ ದಶಕದಲ್ಲಿ ಮೆಲ್ಬರ್ನ್‌ನ ದಿನಪತ್ರಿಕೆ 'ದಿ ಏಜ್'ನಲ್ಲಿ ವೈಜ್ಞಾನಿಕ ಪುಸ್ತಕಗಳ ವಿಮರ್ಶೆ ಮಾಡಿದರು. ಫ್ಯಾನ್‌ಜೀನ್‌ನಲ್ಲಿ ಪುಟಗಟ್ಟಲೆ ವಾದ ಮಾಡುತ್ತಿದ್ದ ಮನುಷ್ಯ ಈಗ ದಿನಪತ್ರಿಕೆಯ ಸಾಮಾನ್ಯ ಓದುಗನಿಗೆ ಕೆಲವೇ ಸಾಲಿನಲ್ಲಿ ಹೇಳಬೇಕು. ಎರಡೂ ಕೆಲಸ ಗೊತ್ತಿರುವ ವಿಮರ್ಶಕರು ಕಡಿಮೆ.

ಕೇಳಿದ್ದಕ್ಕೆ ನೇರ ಉತ್ತರ: ವೈಜ್ಞಾನಿಕ ಸಾಹಿತ್ಯದ ಮಟ್ಟಿಗೆ ವಿಮರ್ಶೆಯೇ ಮೊದಲು. ಹತ್ತು ವರ್ಷಕ್ಕಿಂತ ಜಾಸ್ತಿ ಬೇರೆಯವರ ಪುಸ್ತಕ ಅಳೆದ ಮೇಲೆ 1978ರಲ್ಲಿ ಅವರ ಮೊದಲ ವೈಜ್ಞಾನಿಕ ಕಾದಂಬರಿ 'ಬಿಲವೆಡ್ ಸನ್' ಬಂತು. ಆಗ ಅವರಿಗೆ 60 ದಾಟಿತ್ತು. ಅಷ್ಟು ದಿನ ಕಟುವಾಗಿ ಬರೆದವರು ತಮ್ಮ ಪುಸ್ತಕವನ್ನು ಅದೇ ಓದುಗರ ಮುಂದೆ ಇಡೋದಕ್ಕೆ ಧೈರ್ಯ ಬೇಕು. ನಾನು ಅವರನ್ನು ಗೌರವಿಸೋದು ಮುಖ್ಯವಾಗಿ ಅದಕ್ಕೆ.

ಒಣಎಲೆ ಬರೆದದ್ದು:

ಮಸಿಬೆರಳು ಹೇಳಿದ್ದಕ್ಕೆ ಅರ್ಧ ಒಪ್ಪುತ್ತೇನೆ. ವಿಮರ್ಶಕನಾಗಿ ಟರ್ನರ್ ದೊಡ್ಡವರು, ಅದರಲ್ಲಿ ಎರಡು ಮಾತಿಲ್ಲ. ಆದರೆ ಬೆಸ್ಟರ್ ಅವರ ಪುಸ್ತಕ ಓಡುವ ಪುಸ್ತಕ. ಆ ಓಟವೇ ಅದರ ಜೀವ. ಅದನ್ನು ನಿಲ್ಲಿಸಿ ತೂಕಕ್ಕೆ ಹಾಕಿದರೆ ಏನು ಉಳಿಯುತ್ತದೆ? ಎಲ್ಲ ಪುಸ್ತಕಕ್ಕೂ ಒಂದೇ ಅಳತೆಗೋಲು ಅನ್ನೋದು ಕೇಳೋಕೆ ನ್ಯಾಯ ಅನಿಸುತ್ತದೆ, ಆದರೆ ಖುಷಿಗಾಗಿ ಬರೆದದ್ದಕ್ಕೂ ಅದರದ್ದೇ ಕುಶಲತೆ ಇದೆ ಅಲ್ವಾ? 'ಬಿಲವೆಡ್ ಸನ್' ನೋಡಿ. ದಶಕಗಳ ನಂತರ ನಕ್ಷತ್ರಯಾನದಿಂದ ವಾಪಸ್ ಬಂದವರಿಗೆ ಕುಸಿದು ಮತ್ತೆ ಕಟ್ಟಿಕೊಂಡ ಭೂಮಿ ಎದುರಾಗುತ್ತದೆ. ಎಂಥ ಒಳ್ಳೆ ಶುರು! ಆದರೆ ಆಮೇಲೆ ಪಾತ್ರಗಳು ವಾದ ಮಾಡುತ್ತಾವೆ, ಇನ್ನೂ ವಾದ ಮಾಡುತ್ತಾವೆ. ಬೆಸ್ಟರ್ ಅವರಿಂದ ಸ್ವಲ್ಪ ವೇಗ ಸಾಲ ತಗೊಂಡಿದ್ದರೆ ಆ ಪುಸ್ತಕ ಇನ್ನೂ ಚೆನ್ನಾಗಿರುತ್ತಿತ್ತು.

ಇನ್ನೊಂದು ವಿಷಯ. ಆಸ್ಟ್ರೇಲಿಯಾದ ಆ ಕಾಲ ಗೊತ್ತಿದ್ದರೆ ಅವರ ಬಿಗಿ ನಿಲುವು ಜಾಸ್ತಿ ಅರ್ಥ ಆಗುತ್ತದೆ. ಯುದ್ಧ ಶುರುವಾದ ಮೇಲೆ ಅಮೆರಿಕದ ಅಗ್ಗದ ಕಥಾಪತ್ರಿಕೆಗಳ ಆಮದನ್ನು ಸರ್ಕಾರ ನಿಲ್ಲಿಸಿತು. ಯುದ್ಧ ಮುಗಿದರೂ ಆ ನಿರ್ಬಂಧ 1950ರ ದಶಕದ ಕೊನೆಯವರೆಗೂ ಹೋಗಲಿಲ್ಲ. ಇದ್ದ ಹಳೇ ಸಂಚಿಕೆಗಳು ಕೈಯಿಂದ ಕೈಗೆ ಓಡಾಡುತ್ತಿದ್ದವು. ಆ ಜಾಗ ತುಂಬೋಕೆ ಅಲ್ಲೇ 'ಥ್ರಿಲ್ಸ್ ಇನ್‌ಕಾರ್ಪೊರೇಟೆಡ್' ಥರದ ಪತ್ರಿಕೆಗಳು ಬಂದವು, ಗುಣಮಟ್ಟ ಹೇಳಿಕೊಳ್ಳುವಂಥದ್ದಲ್ಲ. ಎ. ಬರ್ಟ್ರಾಮ್ ಚಾಂಡ್ಲರ್ ಥರ ಹೊರದೇಶದ ಪತ್ರಿಕೆಗೆ ಬರೆದವರು ಇದ್ದರು, ಆದರೆ ಬೆರಳೆಣಿಕೆ. ಸಿಕ್ಕಿದ್ದನ್ನೆಲ್ಲ ಹೊಗಳುವ ವಾತಾವರಣದಲ್ಲಿ ಒಬ್ಬರು ಎದ್ದು ನಿಂತು 'ಇದು ಸಾಲದು' ಅಂದರು. ಆ ಮಟ್ಟಿಗೆ ಅವರ ಕಟುತನ ಬೇಕಿತ್ತು.

ಮಸಿಬೆರಳು ಬರೆದದ್ದು:

@ಒಣಎಲೆ, 'ಬಿಲವೆಡ್ ಸನ್' ಬಗ್ಗೆ ನೀವು ಹೇಳಿದ್ದು ಸರಿ. ಆದರೆ ಅವರು ಬರೀ ತೂಕ ಹಾಕಿ ಕೂತವರಲ್ಲ. 1975ರಲ್ಲಿ ಮೆಲ್ಬರ್ನ್‌ನಲ್ಲಿ ಮೊದಲ ಬಾರಿ ವರ್ಲ್ಡ್‌ಕಾನ್, ಅಂದರೆ ವೈಜ್ಞಾನಿಕ ಕಥೆಗಳ ವಿಶ್ವ ಸಮ್ಮೇಳನ, ನಡೆಯಿತಲ್ಲ, ಅದಕ್ಕೆ ಬಂದಿದ್ದ ಅಮೆರಿಕದ ಲೇಖಕಿ ಅರ್ಸುಲಾ ಲೆ ಗ್ವಿನ್ ಅಲ್ಲಿ ಬರಹಗಾರರ ಶಿಬಿರವನ್ನೂ ನಡೆಸಿದರು. ಅದೇ ದಾರಿಯಲ್ಲಿ 1977ರಲ್ಲಿ ಮೊನಾಶ್ ವಿಶ್ವವಿದ್ಯಾಲಯದಲ್ಲಿ ಇನ್ನೊಂದು ಶಿಬಿರ ಆಯಿತು. ಹೊರದೇಶದ ಲೇಖಕರಾದ ವೊಂಡಾ ಮ್ಯಾಕಿಂಟೈರ್, ಕ್ರಿಸ್ಟಫರ್ ಪ್ರೀಸ್ಟ್ ಜೊತೆ ಪಾಠ ಮಾಡಿದವರು ಟರ್ನರ್. ಅಲ್ಲಿಂದ ಬಂದ ಕಥೆಗಳನ್ನು 'ದಿ ವ್ಯೂ ಫ್ರಂ ದಿ ಎಡ್ಜ್' ಅಂತ ಸಂಪಾದಿಸಿದ್ದೂ ಅವರೇ. ಹೊಸಬರ ಕಥೆ ತಿದ್ದೋಕೆ ಸಮಯ ಕೊಟ್ಟ ವಿಮರ್ಶಕನನ್ನು ಬರೀ ಕಟು ಅನ್ನೋದು ನ್ಯಾಯ ಅಲ್ಲ.

ಕಡಲತಡಿ ಬರೆದದ್ದು:

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಈಗ ಕಾದಂಬರಿಯ ಒಂದು ವಿಷಯ ಬೇರೆ ಥರ ಕಾಣುತ್ತಿದೆ. ಫ್ರಾನ್ಸಿಸ್ ಅನ್ನೋ ಹುಡುಗನಿಗೆ ಮನಸ್ಸಿನಲ್ಲೇ ದೊಡ್ಡ ದೊಡ್ಡ ಲೆಕ್ಕ ಮಾಡುವ ಶಕ್ತಿ ಇದೆ. ಕಂಪ್ಯೂಟರ್‌ಗೆ ಹಾಕಿದರೆ ಗುರುತು ಉಳಿಯುತ್ತದೆ, ಹಾಗಾಗಿ ಕಳ್ಳವ್ಯವಹಾರದ ಲೆಕ್ಕಕ್ಕೆ ಅವನು ಬೇಕು. ಅಪ್ಪ ಕೆಲಸ ಕಳಕೊಂಡು ಜೀವ ಬಿಟ್ಟ ಮನೆಯ ಹುಡುಗ, ಮೇಲಿನವರ ನಡುವೆ ಉಳಿಯೋಕೆ ಅವನ ಹತ್ತಿರ ಇರೋದು ಅದೊಂದೇ. ಟರ್ನರ್ ಉದ್ಯೋಗ ಕಚೇರಿಯಲ್ಲಿ ಕೆಲಸ ಮಾಡಿದ್ದರು ಅಂತ ಹಳೆಪೆಟ್ಟಿಗೆ ಹೇಳಿದ ಮೇಲೆ ಅನಿಸಿತು, ಕೆಲಸ ಇಲ್ಲದವರ ಮುಖ ನೋಡಿದವರಿಗೇ ಇದು ಹೊಳೆಯೋದು. ಗೋಪುರದ ನಾಯಕ ಬಿಲ್ಲಿ ಕೊವಾಕ್ಸ್ ಮೊದಲ ಸಲ ಫ್ರಾನ್ಸಿಸ್ ಮನೆ ಬಾಗಿಲಿಗೆ ಬಂದು, ರಕ್ಷಣೆ ಬೇಕಾದರೆ ದುಡ್ಡು ಕೊಡಿ ಅಂತ ತೀರಾ ವ್ಯವಹಾರದ ಧಾಟಿಯಲ್ಲಿ ಮಾತಾಡುತ್ತಾನಲ್ಲ, ಅಲ್ಲಿ ನನಗೆ ಭಯವೂ ಆಯಿತು, ಅವನ ಮೇಲೆ ನಂಬಿಕೆಯೂ ಬಂತು. ಮುಂದೆ ಯಾವುದು ಓದಲಿ?

ಹಳೆಪೆಟ್ಟಿಗೆ ಬರೆದದ್ದು:

ಕೊವಾಕ್ಸ್ ಬಗ್ಗೆ ಸರಿಯಾಗಿ ಹೇಳಿದಿರಿ. ಟ್ರೀಲೇಕ್ ಕಾದಂಬರಿಗಳಲ್ಲಿ ಕಲಿತ ಕೈ ಅದು. 'ದಿ ಸೀ ಅಂಡ್ ಸಮ್ಮರ್'ಗೆ 1988ರ ಆರ್ಥರ್ ಸಿ. ಕ್ಲಾರ್ಕ್ ಪ್ರಶಸ್ತಿ ಬಂತು, ಬ್ರಿಟನ್‌ನಲ್ಲಿ ವೈಜ್ಞಾನಿಕ ಕಾದಂಬರಿಗೆ ಕೊಡೋದು. ಆ ಪ್ರಶಸ್ತಿಯ ಎರಡನೇ ವರ್ಷ ಅಷ್ಟೇ. ಅಮೆರಿಕದಲ್ಲಿ ಅದೇ ಪುಸ್ತಕ 'ಡ್ರೌನಿಂಗ್ ಟವರ್ಸ್' ಹೆಸರಲ್ಲಿ ಇದೆ, ಬೇರೆ ಪುಸ್ತಕ ಅಂದುಕೊಂಡು ಮತ್ತೆ ಕೊಳ್ಳಬೇಡಿ.

ಮುಂದೆ 'ಬ್ರೈನ್ ಚೈಲ್ಡ್' ತಗೊಳ್ಳಿ, 1991ರದ್ದು. ಪ್ರಯೋಗದಿಂದ ಹುಟ್ಟಿಸಿದ ಅತಿ ಬುದ್ಧಿವಂತ ಮಕ್ಕಳ ಕಥೆ, ಓಟವೂ ಇದೆ, ಒಣಎಲೆ ಅವರಿಗೂ ಹಿಡಿಸಬಹುದು. 1983ರ 'ಯೆಸ್ಟರ್‌ಡೇಸ್ ಮೆನ್' ಸಿಕ್ಕರೆ ಬಿಡಬೇಡಿ. ಭವಿಷ್ಯದ ಜನ ನ್ಯೂಗಿನಿಯ ಕಾಡಿನ ಯುದ್ಧವನ್ನು ಮತ್ತೆ ಆಡಿ ನೋಡುತ್ತಾರೆ. ಮೊದಲ ಕಾದಂಬರಿಯ ಕಾಡಿಗೇ ಅವರು ವಾಪಸ್ ಹೋಗಿದ್ದಾರೆ.

ಮಸಿಬೆರಳು ಬರೆದದ್ದು:

ನಾನಾದರೆ ಕಾದಂಬರಿಗಿಂತ ಮೊದಲು 'ಇನ್ ದಿ ಹಾರ್ಟ್ ಆರ್ ಇನ್ ದಿ ಹೆಡ್' ಓದಿ ಅಂತೀನಿ. 1984ರಲ್ಲಿ ಮೆಲ್ಬರ್ನ್‌ನ ಸಣ್ಣ ಪ್ರಕಾಶನ ನಾರ್‌ಸ್ಟ್ರಿಲಿಯಾ ಪ್ರೆಸ್ ತಂದದ್ದು. ಅರ್ಧ ಆತ್ಮಕಥೆ, ಅರ್ಧ ವೈಜ್ಞಾನಿಕ ಸಾಹಿತ್ಯದ ವಿಚಾರ. ಹುಡುಕೋದು ಕಷ್ಟ. ಸಿಗದಿದ್ದರೆ 'ಎಸ್‌ಎಫ್ ಕಾಮೆಂಟರಿ'ಯ 76ನೇ ಸಂಚಿಕೆ ನೋಡಿ, 2000ರದ್ದು, ಪೂರ್ತಿ ಟರ್ನರ್ ಅವರ ಗದ್ಯವೇ ಇದೆ. ಜೂಡಿತ್ ಬಕ್‌ರಿಚ್ ಬರೆದ ಜೀವನಚರಿತ್ರೆ 1999ರಲ್ಲಿ ಬಂತು. ಅದೇ ವರ್ಷ ಮೆಲ್ಬರ್ನ್‌ನ ವರ್ಲ್ಡ್‌ಕಾನ್‌ಗೆ ಅವರನ್ನು ಗೌರವ ಅತಿಥಿ ಅಂತ ಮೊದಲೇ ಆರಿಸಿದ್ದರು, ಅಷ್ಟರಲ್ಲಿ 1997ರ ಜೂನ್‌ನಲ್ಲಿ ತೀರಿಕೊಂಡರು. ಕೊನೇ ಕಾದಂಬರಿ 'ಡೌನ್ ದೇರ್ ಇನ್ ಡಾರ್ಕ್‌ನೆಸ್' ಬಂದಿದ್ದೂ 1999ರಲ್ಲೇ.

76ನೇ ಸಂಚಿಕೆ ಓದಿ, ಬೆಸ್ಟರ್ ಅವರನ್ನೂ ಓದಿ, ಆಮೇಲೆ ಇಲ್ಲೇ ಬರೆಯಿರಿ. ಒಣಎಲೆ ಮತ್ತು ನಾನು ಇನ್ನೂ ಒಪ್ಪಿಲ್ಲ.